ಪುಕ್ಕಟೆ ಬಂದ ಕಪ್ಪು ಗಾಜು

ದುರ್ಬೀನು ಅಂಗಡಿಯ ಯಜಮಾನರಿಗೆ ನಮಸ್ಕಾರ.

ಮೊನ್ನೆ ಮೊಮ್ಮಗಳ ಜೊತೆ ಬಂದು ನಿಮ್ಮ ತಲೆ ತಿಂದ ಮುದುಕಿ ನಾನು. ಅವಳು ಕೇಳಿದ್ದು ಮೂಲೆಯಲ್ಲಿದ್ದ ದಪ್ಪ ದುರ್ಬೀನು. ಸೂರ್ಯನನ್ನು ನೋಡುವ ಕಪ್ಪು ಗಾಜು ಪುಕ್ಕಟೆ ಬರುತ್ತದೆಂದು ನಾನೇ ಹಟ ಹಿಡಿದು ಉದ್ದನೆಯದನ್ನು ಕೊಡಿಸಿದೆ.

ಇವತ್ತು ಬೆಳಿಗ್ಗೆ ಆ ಗಾಜನ್ನು ಕಣ್ಣಿಡುವ ತುದಿಗೆ ಕೂರಿಸಿ, ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿದೆವು. “ಅಜ್ಜಿ, ಮೊದಲು ನೀನು ನೋಡು,” ಅಂದಳು. ನಾನು ಕನ್ನಡಕ ತೆಗೆಯುವಷ್ಟರಲ್ಲಿ ಗಾಜು ಕಾದು ಟಪ್ಪೆಂದು ಒಡೆಯಿತು. ಒಂದು ಗಳಿಗೆ ಮೊದಲು ಕಣ್ಣಿಟ್ಟಿದ್ದರೆ ಆ ಕಣ್ಣು ಹೋಗುತ್ತಿತ್ತು.

ನನ್ನದು ಬಿಡಿ. ಅವತ್ತು ನಿಮ್ಮಲ್ಲಿ ಒಬ್ಬ ಮೇಷ್ಟ್ರು ಯಾವುದನ್ನು ಕೊಳ್ಳಲಿ ಎಂದು ಮೀನಮೇಷ ಎಣಿಸುತ್ತಿದ್ದರಲ್ಲ, “ಇದನ್ನೇ ತಗೊಳ್ಳಿ ಮೇಷ್ಟ್ರೇ, ಗಾಜು ಬಿಟ್ಟಿ ಸಿಗತ್ತೆ,” ಅಂತ ಬಾಯಿ ಹಾಕಿದವಳೂ ನಾನೇ. ನಾಳೆಯ ಸೂರ್ಯಗ್ರಹಣವನ್ನು ಶಾಲೆಯ ಮಕ್ಕಳಿಗೆಲ್ಲ ತೋರಿಸುತ್ತೇನೆಂದು ಅದನ್ನೇ ಹೊತ್ತುಕೊಂಡು ಹೋದರು. ಯಾವ ಶಾಲೆಯೋ ನನಗೆ ಗೊತ್ತಿಲ್ಲ. ಅವರ ನಂಬರು ನಿಮ್ಮ ಬಿಲ್ ಪುಸ್ತಕದಲ್ಲಿದೆ, ನೀವು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಫೋನನ್ನು ಯಾರೂ ಎತ್ತುತ್ತಿಲ್ಲ, ಅದಕ್ಕೇ ಸೊಸೆಯನ್ನು ಕಳಿಸಿದ್ದೇನೆ. ಅವಳು ಮೆತ್ತಗಿನವಳು, ನೀವು ಗದರಿದರೆ ಅವಳಿಗೆ ಮಾತೇ ಹೊರಡುವುದಿಲ್ಲ, ಹಾಗಾಗಿ ಈ ಪತ್ರ. ಒಡೆದ ಗಾಜೂ ಅವಳ ಕೈಯಲ್ಲಿದೆ. ಅವಳ ಎದುರಿಗೇ ಮೇಷ್ಟ್ರಿಗೆ ಫೋನ್ ಮಾಡಿ. ಅವರು ಎತ್ತುವವರೆಗೂ ಅವಳು ಅಲ್ಲಿಂದ ಏಳುವುದಿಲ್ಲ.

ನಿಮ್ಮ ಮಾಲು ಕೆಟ್ಟದ್ದೆನ್ನಲು ನಾಲಿಗೆ ಹೊರಳದಿದ್ದರೆ, ಆ ಮುದುಕಿಗೆ ಏನೂ ಗೊತ್ತಿಲ್ಲ, ಅವಳ ಮಾತು ನಂಬಿ ಆ ಗಾಜು ಹಾಕಬೇಡಿ ಎಂದಾದರೂ ಮೇಷ್ಟ್ರಿಗೆ ಹೇಳಿ. ಒಪ್ಪಿಕೊಳ್ಳುತ್ತೇನೆ.

ಇಂತಿ,
ಉದ್ದನೆಯದನ್ನು ಆರಿಸಿದ ಅಜ್ಜಿ