ಕೆಂಪು ಕಣಗಿಲೆಯ ಪೊಟ್ಟಣ

ದೊಡ್ಡಬಳ್ಳಾಪುರ
೧೧–೪–೧೯೪೮, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿ ಅಶ್ವತ್ಥಮ್ಮನ ನಮಸ್ಕಾರಗಳು.

ನಿನ್ನ ಸೊಂಟನೋವು ಹೇಗಿದೆ? ಕಾಗದದಲ್ಲಿ ಎಲ್ಲರ ಕ್ಷೇಮವನ್ನೂ ಬರೆದು ನಿನ್ನದೊಂದನ್ನು ಬಿಟ್ಟಿದ್ದೀಯ. ಎಮ್ಮೆ ಕರು ಹಾಕಿದ್ದು ತಿಳಿಯಿತು, ಗೋಪಾಲಪ್ಪ ಭಾವನ ಕೆಮ್ಮು ಇಳಿದದ್ದು ತಿಳಿಯಿತು, ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಅದು ಮಾತ್ರ ತಿಳಿಯಲಿಲ್ಲ. ನಾನು ಚೆನ್ನಾಗಿದ್ದೇನೆ. ಮೂರನೇ ತರಗತಿಯ ನಲವತ್ತು ಹುಡುಗಿಯರಿಗೆ ಮಗ್ಗಿ ಹೇಳಿಕೊಟ್ಟು ಗಂಟಲು ಕಟ್ಟಿದೆ, ಅಷ್ಟೆ. ನಿನ್ನೆ ಯುಗಾದಿಗೆ ದೇವನಹಳ್ಳಿಗೆ ಹೋಗಲಿಲ್ಲ. ನಾನಿರುವ ಮನೆಯ ಅಜ್ಜಿಯೇ ಒಬ್ಬಟ್ಟು ಮಾಡಿ ಬಡಿಸಿದರು. ಊರಿಗೆ ಹೋದರೆ ಅಪ್ಪ, ‘ಏನು ತೀರ್ಮಾನ ಮಾಡಿದೆ’ ಎಂದು ಕೇಳುತ್ತಾರೆ. ಆ ಭಯಕ್ಕೇ ಹೋಗಲಿಲ್ಲ, ನಿನ್ನ ಹತ್ತಿರ ಮುಚ್ಚಿಡುವುದೇನು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮದುವೆಯಾಗಿ ಆರು ವರ್ಷವಾದರೂ ನಿನಗೆ ಮಕ್ಕಳಾಗಲಿಲ್ಲ, ಅದಕ್ಕೆ ಅಮ್ಮಯಮ್ಮತ್ತೆ ಮಗನಿಗೆ ಇನ್ನೊಂದು ಮದುವೆ ಮಾಡಲು ಹೊರಟಿದ್ದಾರೆ, ಹೊರಗಿನವಳು ಯಾರೋ ಬರುವುದಕ್ಕಿಂತ ನೀನೇ ಬಾ ಎಂದು ಬರೆದಿದ್ದೀಯ. ‘ಒಂದೇ ಚಾಪೇಲಿ ಮಲಗಿದೋರು, ಒಂದೇ ಮನೇಲಿ ಇದ್ಬಿಡೋಣ ಕಣೆ’ ಎಂದು ಕೊನೆಯಲ್ಲಿ ಸೇರಿಸಿದ್ದೀಯ. ಅದನ್ನು ಬರೆಯುವಾಗ ನಿನ್ನ ಕೈ ಹೇಗೆ ಆಡಿತೋ. ಅತ್ತೆ ಅಪ್ಪನ ಹತ್ತಿರವೂ ಬಂದು ಹೋದರಂತೆ. ತಂಗಿಯ ಮಾತು ತೆಗೆದುಹಾಕುವ ಧೈರ್ಯ ಅಪ್ಪನಿಗೆ ಯಾವತ್ತಿತ್ತು? ಅಕ್ಕ ತಂಗಿಯರು ನೀವೇ ಮಾತಾಡಿಕೊಳ್ಳಿ ಎಂದು ಕೈ ತೊಳೆದುಕೊಂಡರು. ‘ಚನ್ನರಾಯಪಟ್ಟಣ ದೇವನಹಳ್ಳಿಗೆ ಹತ್ತಿರವೇ, ನಿನಗೂ ಹಿಡಿಸುತ್ತದೆ, ಮದುವೆಗೆ ಮುಂಚೆ ಆ ರಜೆಯಲ್ಲಿ ನಾನಿಲ್ಲಿ ಎಷ್ಟು ಸುಖವಾಗಿದ್ದೆ ನೆನಪಿದೆಯಾ’ ಎಂದು ಕೇಳಿದ್ದೀಯ. ನೆನಪಿದೆ ಅಕ್ಕಾ. ಆ ರಜೆಯ ವಿಷಯವನ್ನೇ ಏಳು ವರ್ಷದಿಂದ ನಿನಗೆ ಹೇಳದೆ ಬಚ್ಚಿಟ್ಟಿದ್ದೇನೆ. ಅದನ್ನು ಹೇಳಿಬಿಡುತ್ತೇನೆ.

ಅಮ್ಮ ತೀರಿಕೊಂಡ ಮೂರನೆಯ ಬೇಸಿಗೆ ಅದು. ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಕೊಂಡಪ್ಪ ಮಾವ, ಇರುವುದೊಂದೇ ಕೋಣೆ, ಒಬ್ಬಳನ್ನು ಕಳಿಸಿ ಎಂದು ಬರೆದಿದ್ದರು. ಇನ್ನೊಬ್ಬಳು ಅತ್ತೆಯ ಮನೆಗೆ ಹೋಗಬೇಕು. ಗಣಿಯೂರಿನ ಕರೆಂಟು ದೀಪ ನೋಡಬೇಕೆಂದು ವರ್ಷವೆಲ್ಲ ಹೇಳುತ್ತಿದ್ದವಳು ನೀನು. ಹದಿನಾಲ್ಕು ವರ್ಷದ ನೀನು, ಹನ್ನೊಂದರ ನಾನು, ಇಬ್ಬರಲ್ಲಿ ಯಾರಿಗೂ ಬೇಜಾರು ಮಾಡಲಾರದೆ ಅಪ್ಪ ದೇವರ ಮೇಲೆ ಭಾರ ಹಾಕಿದರು. ಎರಡು ಮುತ್ತುಗದ ಎಲೆ, ಒಂದರಲ್ಲಿ ಕೆಂಪು ಕಣಗಿಲೆ, ಒಂದರಲ್ಲಿ ಬಿಳಿಯದು. ಕೆಂಪು ಬಂದವಳಿಗೆ ಗಣಿ. ಪೊಟ್ಟಣ ಕಟ್ಟುವ ಕೆಲಸವನ್ನು ಅಪ್ಪ ನನಗೆ ಕೊಟ್ಟರು. ಚಿಕ್ಕವಳು, ಕಪಟ ಗೊತ್ತಿಲ್ಲ ಅಂದುಕೊಂಡರು ಪಾಪ. ಕೆಂಪು ಹೂವಿನ ಪೊಟ್ಟಣದ ಬಾಳೆನಾರಿಗೆ ನಾನು ಎರಡು ಗಂಟು ಹಾಕಿದೆ. ವೇಣುಗೋಪಾಲಸ್ವಾಮಿಯ ಮುಂದೆ ಕಣ್ಣು ಮುಚ್ಚಿಕೊಂಡು, ಬೆರಳಲ್ಲಿ ಗಂಟು ಮುಟ್ಟಿ ನೋಡಿ ಎತ್ತಿಕೊಂಡೆ. ನಿನ್ನ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ನನ್ನ ಜಡೆ ಸರಿ ಮಾಡಿ, ‘ಚೆನ್ನಾಗಿ ನೋಡ್ಕೊಂಡು ಬಾರೆ, ಬಂದು ನನಗೆ ಹೇಳು’ ಎಂದೆ. ಆಗಲೇ ಹೇಳಬೇಕಿತ್ತು.

ಗಣಿಯಲ್ಲಿ ನಾನು ಕಂಡ ವೈಭೋಗ ಕೇಳು. ಚಿಕ್ಕ ರೈಲಿನಲ್ಲಿ ಕಲ್ಲಿದ್ದಲ ಪುಡಿ ಕಣ್ಣಿಗೆ ಬಿದ್ದು ಬೌರಿಂಗ್‌ಪೇಟೆಯವರೆಗೂ ಅಳುತ್ತಲೇ ಹೋದೆ. ಮಾವನಿಗೆ ರಾತ್ರಿ ಪಾಳಿ; ಹಗಲು ಅವರು ಮಲಗುವುದರಿಂದ ಒಂದು ತಿಂಗಳು ನಾನು ತಗಡಿನ ಮಾಡಿನ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಗಾಳಿ ಬಂದರೆ ಗಣಿಯ ಬಿಳಿ ಮಣ್ಣಿನ ದಿಬ್ಬದಿಂದ ದೂಳು ಹಾರಿ ತಟ್ಟೆಗೆ ಬೀಳುತ್ತಿತ್ತು. ಕರೆಂಟು ದೀಪ ಮಾವನ ಮನೆಯಲ್ಲಿ ಇರಲೇ ಇಲ್ಲ. ಇಂಗ್ಲಿಷ್ ದೊರೆಗಳ ಬಂಗಲೆಯ ಬೀದಿಯಲ್ಲಿತ್ತು, ಒಂದೇ ಒಂದು ಸಂಜೆ ದೂರದಿಂದ ತೋರಿಸಿದರು. ಊರಿಗೆ ಬಂದು ನಿನಗೆ ಏನೆಂದೆ? ಗುಂಡಿ ಒತ್ತಿದರೆ ಮನೆಯೆಲ್ಲ ಹಗಲಾಗುತ್ತದೆ, ನಾನೇ ದಿನಾ ಒತ್ತುತ್ತಿದ್ದೆ ಎಂದೆ. ಮೋಸ ಮಾಡಿ ಪಡೆದದ್ದು ಚೆನ್ನಾಗಿರಲಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನೀನು ಅದನ್ನು ಮೂರು ಸಲ ಹೇಳಿಸಿಕೊಂಡೆ.

ನೀನು ಮಾತ್ರ ಅತ್ತೆಯ ಮನೆಯಿಂದ ಬಿಸಿಲಿಗೆ ಕಪ್ಪಾಗಿ, ನಗುನಗುತ್ತಾ ಬಂದೆ. ಬಾವಿಯಲ್ಲಿ ಈಜು ಕಲಿತಿದ್ದೆ. ಅತ್ತೆ ರಾಗಿರೊಟ್ಟಿಗೆ ಬೆಣ್ಣೆ ಮೆತ್ತಿ ಕೊಡುತ್ತಾರೆ ಎಂದೆ. ಆ ಒಂದು ತಿಂಗಳಲ್ಲಿ ಅತ್ತೆ ನಿನ್ನ ಕೆಲಸವನ್ನೂ ಅಳೆದುಕೊಂಡಿದ್ದರು. ಸುಗ್ಗಿ ಮುಗಿಯುತ್ತಲೇ ಬಂದು, ‘ಹುಡುಗಿ ನಮ್ಮನೆಗೆ ಒಗ್ಗವ್ಳೆ, ಕೊಟ್ಬಿಡಣ್ಣ’ ಎಂದು ಕೂತರು. ಆ ಮನೆಯಾದರೆ ಆಗಬಹುದು ಎಂದು ನೀನೂ ತಲೆಯಾಡಿಸಿದೆ. ನೀನು ಒಪ್ಪಿದ್ದು ರಜೆಯ ಮನೆಯನ್ನು ನೋಡಿ ಅಕ್ಕಾ. ಅಲ್ಲಿಗೆ ನಿನ್ನ ಓದು ನಿಂತಿತು. ತರಗತಿಗೇ ಮೊದಲಿಗಳಾದ ನಿನ್ನ ಪುಸ್ತಕಗಳು ನನಗೆ ಬಂದವು. ನಿನ್ನ ಹೆಸರಿನ ಕೆಳಗೆ ನನ್ನ ಹೆಸರು ಬರೆದುಕೊಂಡು ಅವನ್ನೇ ಓದಿ, ಇವತ್ತು ಮೇಡಂ ಅನ್ನಿಸಿಕೊಂಡಿದ್ದೇನೆ.

ನಿನ್ನ ಮದುವೆಯ ಮಾರನೆಯ ವರ್ಷ ರಜೆಗೆಂದು ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗ ಕಣ್ಣಾರೆ ಕಂಡೆ. ಬಾವಿಗೆ ಇಳಿಯುವುದಿರಲಿ, ಬಾವಿಯ ಹತ್ತಿರ ನಿಂತು ಯಾರ ಜೊತೆಯಾದರೂ ಎರಡು ಮಾತಾಡಿದರೂ ಅತ್ತೆ ಕೂಗುತ್ತಿದ್ದರು. ಎಲ್ಲರದೂ ಆದ ಮೇಲೆ ನಿನ್ನ ಊಟ. ನೆಂಟಳಾದ ನನ್ನ ರೊಟ್ಟಿಗೆ ಬೆಣ್ಣೆ ಬಿತ್ತು, ನಿನ್ನದಕ್ಕೆ ಬೀಳಲಿಲ್ಲ. ನಾನು ತಿಂದೆ.

ನಮ್ಮ ರಜೆಗಳಲ್ಲಿ ಯಾವುದು ಚೆಂದವಿತ್ತು ಎಂದು ನನ್ನನ್ನು ಕೇಳಿದರೆ ಮಾಕಳಿದುರ್ಗ ಅನ್ನುತ್ತೇನೆ. ಒಂದೇ ದಿನದ್ದು. ಅಪ್ಪ ಮಂಡಿನೋವೆಂದು ಕೆಳಗೆ ಕೆರೆಯ ಹತ್ತಿರವೇ ಕೂತರು, ನಾವಿಬ್ಬರೂ ಕೋಟೆಯವರೆಗೆ ಹತ್ತಿದೆವು. ಬುತ್ತಿಯಲ್ಲಿದ್ದದ್ದು ಹುಳಿಯನ್ನ, ಅದರಲ್ಲಿ ಕಡಲೆಕಾಯಿ ಬೀಜವನ್ನೆಲ್ಲ ನೀನು ನನಗೇ ಆರಿಸಿ ಹಾಕಿದೆ. ಇಳಿಯುವಾಗ ನನ್ನ ಕಾಲಿಗೆ ಮುಳ್ಳು ಚುಚ್ಚಿತೆಂದು ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ತಂದೆ. ಅದು ಅಷ್ಟೇನೂ ಚುಚ್ಚಿರಲಿಲ್ಲ, ಅದನ್ನೂ ಈಗ ಹೇಳುತ್ತಿದ್ದೇನೆ.

ಬೈಯಬೇಕೆನಿಸಿದರೆ ಬಾಯಿ ತುಂಬ ಬೈದುಬಿಡು, ಮಾತು ಮಾತ್ರ ಬಿಡಬೇಡ. ಭಾವನಿಗೆ ನಮಸ್ಕಾರ ತಿಳಿಸು. ಅತ್ತೆಗೂ ತಿಳಿಸು, ಹಿರಿಯರು. ನಿನಗೆ ದೇವರು ಒಳ್ಳೆಯದು ಮಾಡಲಿ ಎಂದು ಕೇಳಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ದಿನಾ ಕೇಳಿಕೊಳ್ಳುತ್ತೇನೆ.

ಇತಿ ನಿನ್ನ ಬೆನ್ನ ಮೇಲೆ ಬೆಳೆದ ತಂಗಿ,
ಅಶ್ವತ್ಥ

ತಾ.ಕ.: ಅಜ್ಜಿಯ ಅಳಿಯ ನಿಮ್ಮೂರ ಕಡೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಕಾಗದ ಅವರ ಕೈಗೇ ಕೊಡುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆದಿಲ್ಲ. ನಿನಗೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಆಗಲಿ ಎಂದು ‘ಬರುತ್ತೇನೆ’ ಅಂತ ಎರಡು ಸಲ ಬರೆದು ಹರಿದೆ. ಬರುವುದಿಲ್ಲ ಅಕ್ಕಾ. ಬಂದರೆ ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಇಬ್ಬರಾಗುತ್ತೇವೆ, ಅಷ್ಟೆ. ನಾನು ಒಲ್ಲೆನೆಂದರೆ ಅತ್ತೆಯ ಕೋಪವೆಲ್ಲ ನಿನ್ನ ಮೇಲೆ ತಿರುಗುತ್ತದೆ, ಗೊತ್ತು. ಅದಕ್ಕೇ ನಾನು ಬರುವವರೆಗೂ ಯಾರಿಗೂ ಏನೂ ಹೇಳಬೇಡ, ಇದನ್ನು ಓದಿ ಒಲೆಗೆ ಹಾಕು. ಶುಕ್ರವಾರ ಬೇಸಿಗೆ ರಜೆಗೆ ಸ್ಕೂಲು ಮುಚ್ಚುತ್ತದೆ, ಶನಿವಾರ ಬೆಳಿಗ್ಗೆ ಗಾಡಿ ಮಾಡಿಕೊಂಡು ಬರುತ್ತೇನೆ. ನಿನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿಟ್ಟಿರು, ಒಂದನ್ನೂ ಬಿಡಬೇಡ. ಎಲ್ಲಿಗೆ ಎಂದು ಅತ್ತೆ ಕೇಳಿದರೆ ತಂಗಿಯ ಮನೆಗೆ ರಜೆಗೆ ಎನ್ನು. ಎಷ್ಟು ದಿನಕ್ಕೆ ಎಂದರೆ ನೀನು ಸುಮ್ಮನಿರು, ಅದಕ್ಕೆ ಉತ್ತರ ನಾನು ಹೇಳುತ್ತೇನೆ.