ಹಾಸುಬಟ್ಟೆಯ ಇನ್ನೊಂದು ತುದಿ

ಗಿಳಿ ಮೇಡಂ ಅವರಿಗೆ ಕೆಂಡಕ್ಕನ ನಮಸ್ಕಾರಗಳು.

ಗಿಳಿ ಎಂದದ್ದಕ್ಕೆ ಹುಬ್ಬು ಗಂಟಿಕ್ಕಬೇಡಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾವೆಲ್ಲ ನಿಮ್ಮ ಬೆನ್ನ ಹಿಂದೆ ಕರೆಯುತ್ತಿದ್ದದ್ದು ಹಾಗೇ. ಆ ಹೆಸರು ಇಟ್ಟವಳು ನಾನು. ಹದಿನೈದು ವರ್ಷ ಮುಚ್ಚಿಟ್ಟಿದ್ದೆ, ಇವತ್ತು ಒಪ್ಪಿಕೊಂಡೆ. ನನ್ನ ಬಾಯಿಗೆ ಹೆದರಿ ಜನ ನನಗೆ ಕೆಂಡಕ್ಕ ಅನ್ನುತ್ತಿದ್ದದ್ದು ನಿಮಗೂ ಗೊತ್ತಿತ್ತಲ್ಲ, ಇಬ್ಬರೂ ಸಮ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಕಾಗುಣಿತ ತಿದ್ದಲು ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಾಳೆ. ಮಾತನ್ನು ಮುಟ್ಟಿದರೆ ಜಡೆ ಹಿಡಿದು ಎಳೆಯುತ್ತೇನೆ ಎಂದು ಅವಳಿಗೆ ಮೊದಲೇ ಹೇಳಿದ್ದೇನೆ.

ನಿಮಗಿಂತ ಮುಂಚೆ ಇದ್ದ ಸೂಪರ್‌ವೈಸರ್ ನಾವು ಬಾಯಿ ತೆರೆಯುವ ಮೊದಲೇ "ಆಯ್ತು, ಆಯ್ತು, ನೋಡೋಣ" ಅನ್ನುತ್ತಿದ್ದ. ಹೋಗುವ ಮುಂಚೆ ಬಾಗಿಲ ಹತ್ತಿರ ದೂರಿನ ಪೆಟ್ಟಿಗೆ ಒಂದನ್ನು ತೂಗುಹಾಕಿಸಿದ. ನಮ್ಮಲ್ಲಿ ನೆಟ್ಟಗೆ ಬರೆಯಲು ಬರುತ್ತಿದ್ದದ್ದು ಇಬ್ಬರಿಗೆ. ಉಳಿದವರೆಲ್ಲ ರೋಗಿಗಳ ಅಂಗಿಯಿಂದ ಕಿತ್ತುಬಂದ ಗುಂಡಿಗಳನ್ನು ಅದರೊಳಗೆ ಹಾಕುತ್ತಿದ್ದೆವು. ಅಷ್ಟಕ್ಕಾದರೂ ಅದು ಉಪಯೋಗಕ್ಕೆ ಬಂತು.

ಆಮೇಲೆ ನೀವು ಬಂದಿರಿ. ಒಂದು ದಿನ ನನ್ನ ಜೊತೆಗಾತಿ ರಜೆ ಹಾಕಿದ್ದಳು. ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಜಗ್ಗಬೇಕು, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ನೀವು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಇನ್ನೊಂದು ತುದಿ ಹಿಡಿದಿರಿ. "ಇಲ್ಲಿ ಕೆಲಸ ಹೇಗಿದೆ ಅಕ್ಕಾ?" ಎಂದಿರಿ. ಕೇಳಿದ್ದೇ ತಪ್ಪಾಯಿತು. ನಲವತ್ತು ಹಾಸುಬಟ್ಟೆ ಮುಗಿದರೂ ನನ್ನ ಬಾಯಿ ಮುಗಿಯಲಿಲ್ಲ.

ನೀವು ಎಲ್ಲ ಕೇಳಿ, "ಅಂದ್ರೆ ಕಿಟಕಿ ತೆಗೆಯೋಕೆ ಬರಲ್ಲ, ಕುಡಿಯೋ ನೀರು ಬಾಯ್ಲರ್ ಪಕ್ಕ ಇಟ್ಟು ಕಾದುಹೋಗಿರುತ್ತೆ, ನಿಂತು ನಿಂತು ಕಾಲು ಬಾತುಕೊಳ್ಳುತ್ತೆ. ಸರಿಯಾಗಿ ಕೇಳಿಸಿಕೊಂಡ್ನಾ?" ಎಂದಿರಿ.

ನನಗೆ ಮೈಯೆಲ್ಲ ಉರಿಯಿತು. "ನಾನು ಹೇಳಿದ್ದನ್ನೇ ನನಗೆ ತಿರುಗಿ ಹೇಳೋಕೆ ನಿಮಗೆ ಸಂಬಳ ಕೊಡ್ತಾರಾ?" ಎಂದು ಕೇಳಿಯೇಬಿಟ್ಟೆ. "ಅರ್ಧಂಬರ್ಧ ಕೇಳಿಸ್ಕೊಂಡು ಕೆಲಸ ಕೆಡಿಸೋದಕ್ಕಿಂತ ವಾಸಿ ಅಲ್ವಾ ಅಕ್ಕಾ" ಎಂದು ನಕ್ಕಿರಿ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಿಮಗೆ ಗಿಳಿ ಎಂಬ ನಾಮಕರಣವಾಯಿತು.

ಸೋಮವಾರ ಬಂದು ನೋಡಿದರೆ ನೀರಿನ ಕ್ಯಾನು ನೆರಳಿನಲ್ಲಿತ್ತು, ಮೂಲೆಯಲ್ಲಿ ಎರಡು ಸ್ಟೂಲು ಬಂದಿದ್ದವು. ನೀವು ನನ್ನ ಹತ್ತಿರ ಬಂದು, "ಕಿಟಕಿ ಈ ತಿಂಗಳು ಆಗಲ್ಲ ಅಂದ್ರು ಅಕ್ಕಾ. ಮತ್ತೆ ಕೇಳ್ತೀನಿ" ಎಂದಿರಿ. ನೀರು ಕೊಟ್ಟದ್ದಕ್ಕಿಂತ ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಆಗದ ಕೆಲಸವನ್ನು ಆಗಲಿಲ್ಲ ಎಂದು ಬಂದು ಹೇಳಿದ ಮೇಲಿನವರನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಮೇಡಂ, ನಿಜವಾದ ದೂರನ್ನು ನಾನು ಹೇಳಿರಲಿಲ್ಲ. ನನ್ನ ಬಲಗೈಯ ಮೂರು ಬೆರಳು ಎಂಟು ತಿಂಗಳಿಂದ ಮರಗಟ್ಟಿದ್ದವು. ಮಡಚುವ ಹೊತ್ತು ಬಿಟ್ಟರೆ ನನ್ನ ಕೆಲಸವೋ, ಒದ್ದೆ ಬಟ್ಟೆಯನ್ನು ಇಸ್ತ್ರಿ ಮೆಷಿನ್ನಿನ ಕಾದ ರೋಲರಿಗೆ ಕೊಡುವುದು. ಮನೆಯಲ್ಲಿ ಯಜಮಾನರಿಲ್ಲ, ಮಗಳು ಕೂಸನ್ನು ಎತ್ತಿಕೊಂಡು ವಾಪಸು ಬಂದಿದ್ದಳು. ಕೈಯ ವಿಷಯ ಗೊತ್ತಾದರೆ, ಸಾಕು ಅಜ್ಜಿ, ಮನೆಗೆ ಹೋಗು ಅನ್ನುತ್ತಾರೆ. ಅದಕ್ಕೇ ಕೈಯೊಂದನ್ನು ಬಿಟ್ಟು ಕಂಡದ್ದಕ್ಕೆಲ್ಲ ಜಗಳ ತೆಗೆಯುತ್ತಿದ್ದೆ.

ಇನ್ನೊಂದು ದಿನ ಹೀಗೇ ಬಟ್ಟೆ ಮಡಚುತ್ತಾ ಸೆಕೆಗೆ ಶಾಪ ಹಾಕುತ್ತಿದ್ದೆ. "ಅಂದ್ರೆ ಆ ಮೆಷಿನ್ನಿನ ಬಿಸಿ ನಿಮಗೆ ತಡೆಯೋಕಾಗ್ತಿಲ್ಲ" ಎಂದಿರಿ. ಗಿಳಿ ಅವತ್ತು ತಪ್ಪು ನುಡಿಯಿತು, ನಾನು ತಿದ್ದಲು ಹೋದೆ. "ಬಿಸಿ ಅಂತ ಗೊತ್ತಾದ್ರೆ ತಾನೇ ತಡೆಯೋ ಮಾತು" ಎಂದೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನೀವು ಏನು, ಎತ್ತ ಎಂದು ಮೇಲೆ ಬೀಳಲಿಲ್ಲ. ಅಂಚು ಕೂಡಿಸಲು ಹತ್ತಿರ ಬಂದಿರಿ, ನನ್ನ ಬೆರಳಿನ ಮೇಲಿದ್ದ ಬೊಬ್ಬೆಗಳನ್ನು ನೋಡಿದಿರಿ, ಹಾಗೇ ನಿಂತಿರಿ. ಹಿಂದೆ ಒಗೆಯುವ ಮೆಷಿನ್ನು ಒಂದು ಸುತ್ತು ಮುಗಿಸಿ ನೀರು ಚೆಲ್ಲಿತು. ಅಷ್ಟು ಹೊತ್ತು ಯಾರೂ ನನ್ನ ಮುಂದೆ ಸುಮ್ಮನೆ ನಿಂತಿರಲಿಲ್ಲ. ಎಲ್ಲ ಹೇಳಿದೆ.

"ಅಂದ್ರೆ ಬೆರಳಿಗಿಂತ ಕೆಲಸ ಹೋಗುತ್ತೆ ಅನ್ನೋ ಚಿಂತೆಯೇ ನಿಮಗೆ ದೊಡ್ಡದು" ಎಂದಿರಿ. ನನ್ನೊಳಗಿದ್ದಾಗ ಮನೆಯಷ್ಟಿದ್ದ ಆ ಭಯ ನಿಮ್ಮ ಬಾಯಿಂದ ಹೊರಬಂದಾಗ ಒಂದು ಬಟ್ಟೆ ಬುಟ್ಟಿಯಷ್ಟಾಗಿತ್ತು, ಇಬ್ಬರು ಸೇರಿದರೆ ಎತ್ತಬಹುದಾದಷ್ಟು. ಆಮೇಲೆ ನೀವು, "ಏನು ಮಾಡಿದ್ರೆ ಆಗುತ್ತೆ, ನೀವೇ ಹೇಳಿ" ಎಂದಿರಿ. ಅಷ್ಟು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪೂರ್ತಿ ದಿನ ಬಟ್ಟೆ ಮಡಚುವ ಮೇಜಿಗೇ ನನ್ನನ್ನು ಹಾಕಿ, ರೋಲರಿನ ಮುಂದೆ ಯಾರನ್ನೂ ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ ಎಂದೆ. ಅದಕ್ಕಾಗಿ ನೀವು ಮೇಲಿನವರ ಜೊತೆ ಮೂರು ವಾರ ಗುದ್ದಾಡಿದಿರಿ. ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಎರಡು ಬೆರಳು ಸರಿಹೋದವು. ಮೂರನೆಯದಕ್ಕೆ ನನ್ನದೇ ಬುದ್ಧಿ, ಯಾರ ಮಾತೂ ಕೇಳುವುದಿಲ್ಲ. ಆಮೇಲೆ ಏಳು ವರ್ಷ ದುಡಿದೆ. ಅವತ್ತಿನ ಕೂಸೇ ಈಗ ನನ್ನ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದುತ್ತಿರುವುದು.

ಹೋದ ವಾರ ಮೊಣಕಾಲು ತೋರಿಸಲು ಬಂದವಳು ಲಾಂಡ್ರಿಗೂ ಇಣುಕಿದೆ. ಎರಡು ಗಂಟೆಯ ಪಾಳಿಯ ಪಟ್ಟಿ ಗೋಡೆಯ ಮೇಲೆ ಇನ್ನೂ ಇದೆ. ಕಿಟಕಿಯೂ ತೆರೆದಿತ್ತು. ಅಲ್ಲಿಯ ಹುಡುಗಿಯರು ಹೇಳಿದರು, ನೀವು ರಿಟೈರಾದ ವರ್ಷವೇ ನಿಮ್ಮ ಯಜಮಾನರು ಹೋಗಿಬಿಟ್ಟರಂತೆ, ನೀವು ಫೋನು ಎತ್ತುವುದಿಲ್ಲವಂತೆ, ಯಾರ ಹತ್ತಿರವೂ ಮಾತಿಲ್ಲವಂತೆ.

ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಅದು ನನ್ನ ಕಡೆಗೇ ತಿರುಗಿತು. ನನ್ನ ಮೊಣಕಾಲು, ಮಗಳ ಮುಂಗೋಪ, ಕೂಸಿನ ಹಲ್ಲು, ಎಲ್ಲ ನಿಮಗೆ ಗೊತ್ತಿತ್ತು. ನಿಮ್ಮ ಯಜಮಾನರು ಉದ್ದವೋ ಕುಳ್ಳೋ ಎಂಬುದು ಕೂಡ ನನಗೆ ಗೊತ್ತಿಲ್ಲ. ಅಷ್ಟು ಹಾಸುಬಟ್ಟೆ ಮಡಚಿದರೂ ನೀವು ಹೇಗಿದ್ದೀರಿ ಎಂದು ನಾನು ಒಂದು ಸಲವೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಬೈದುಕೊಂಡು ಹೋಗುವವಳಲ್ಲ ನಾನು, ಬೈಯುತ್ತಾ ಮೆಟ್ಟಿಲ ಮೇಲೇ ಕೂರುವವಳು. ಒಗೆಯದೆ ಗುಡ್ಡೆ ಹಾಕಿದ ಹಾಸುಬಟ್ಟೆ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತವೆ. ಒಗೆಯೋಣ, ಒಣಗಿಸೋಣ, ಆಮೇಲೆ ಮಡಚೋಣ. ನೀವು ಮಾತಾಡಿ, ಅಳಿ, ನನ್ನನ್ನು ಬೈಯಿರಿ, ಸುಮ್ಮನಿದ್ದರೂ ಆಯಿತು. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ನಂಬಿಕೆ ಬರಲಿಲ್ಲವಾ? ಮೊಮ್ಮಗಳಿಗೂ ಬರಲಿಲ್ಲ, ಇಲ್ಲಿ ಕೂತು ನಗುತ್ತಿದ್ದಾಳೆ.

ನೀವು ಹೇಳಿ ಮುಗಿಸಿದ ಮೇಲೆ ಒಂದೇ ಒಂದು ಮಾತು ಕೇಳುತ್ತೇನೆ. ಸರಿಯಾಗಿ ಕೇಳಿಸಿಕೊಂಡ್ನಾ, ಮೇಡಂ?

ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಹರಸುತ್ತೇನೆ, ನಿಮ್ಮ ಕೈಯೂ ಮನಸ್ಸೂ ತಂಪಾಗಿರಲಿ.

ಗುರುವಾರದಿಂದ ಇನ್ನೊಂದು ತುದಿ ಹಿಡಿಯುವ,
ನಿಮ್ಮ ಕೆಂಡಕ್ಕ