ಜರಡಿ ಹಿಡಿಯಬಾರದ ಮಣ್ಣು

ಹಿಂದಿನ ಕೋಣೆ, ಕಿಟಕಿಯ ಪಕ್ಕ
ಏಳನೇ ತಾರೀಖು, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ನಿನ್ನ ಮಂಡಿನೋವು ಹೇಗಿದೆ? ಈಗಲೂ ಒಂದೊಂದು ಮೆಟ್ಟಿಲಿಗೆ ಒಂದೊಂದು ಬೈಗುಳ ಹಂಚಿಕೊಂಡು ಹತ್ತುತ್ತೀಯೋ, ಇಲ್ಲಾ ಸೊಸೆಯ ಎದುರು ಮರ್ಯಾದಸ್ಥಳಾಗಿಬಿಟ್ಟಿದ್ದೀಯೋ? ಮಗ ಹೇಗಿದ್ದಾನೆ? ಕೂಸಿಗೆ ಹಲ್ಲು ಬಂದಿರಬೇಕು. ಅದು ಕಚ್ಚಿದರೆ ಬೆರಳು ಕೊಡಬೇಡ, ನಿನ್ನ ಬೆರಳಿಗೆ ಬೇರೆ ಕೆಲಸವಿದೆ. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ರೂಢಿ, ಬರೆದಿದ್ದೇನೆ. ಅಕ್ಷರ ನೋಡಿ ಗಾಬರಿಯಾಗಬೇಡ. ನಲವತ್ತು ವರ್ಷ ನಿನ್ನ ಬರವಣಿಗೆಯನ್ನು ಕಾಗೆ ಕಾಲು ಗುಬ್ಬಿ ಕಾಲು ಎಂದು ಆಡಿಕೊಂಡವಳು ನಾನು, ಈಗ ನನ್ನದೇ ಹಾಗಾಗಿದೆ. ಪೆನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎನ್ನುವುದು ನನಗೆ ತಿಳಿಯುವುದಿಲ್ಲ. ಒಮ್ಮೆ ಜಾರಿ ಬೀಳುತ್ತದೆ, ಇನ್ನೊಮ್ಮೆ ಕಾಗದ ಹರಿಯುತ್ತದೆ. ಇದು ಮೂರನೇ ಹಾಳೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೇ ಜಗಳ ತೆಗೆಯುತ್ತೇನೆ, ನೀನು ಮೂರನೆಯದಕ್ಕೆ ಇಟ್ಟುಬಿಡುತ್ತೀಯ.

ವಿಷಯ ಇಷ್ಟೇ. ನನ್ನ ಬೆರಳುಗಳಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಎರಡೂ ಕೈ, ತುದಿಯಿಂದ ಅಂಗೈಯ ನಡುವಿನವರೆಗೆ. ನೀನು ಮಗನ ಮನೆಗೆ ಹೋಗಿ ಮೂರು ತಿಂಗಳಾದಾಗ ಶುರುವಾಯಿತು. ಮೊದಲು ಜೋಮು ಹಿಡಿದ ಹಾಗಿತ್ತು, ಕೊಡವಿಕೊಂಡರೆ ಹೋಗುತ್ತಿತ್ತು. ಆಮೇಲೆ ಯಾವಾಗಲೂ ದಪ್ಪ ಕೈಗವಸು ಹಾಕಿಕೊಂಡಿರುವ ಹಾಗೆ. ಡಾಕ್ಟರು ಕಣ್ಣು ಮುಚ್ಚಿಸಿ, "ಚುಚ್ಚಿದ್ದು ಗೊತ್ತಾಗ್ತಿದೆಯಾ?" ಎಂದರು. "ನೀವಿನ್ನೂ ಚುಚ್ಚೇ ಇಲ್ವಲ್ಲ" ಎಂದೆ. ಅಷ್ಟರಲ್ಲಿ ಐದು ಸಲ ಚುಚ್ಚಿಯಾಗಿತ್ತಂತೆ. ನರ ಸತ್ತಿವೆ, ಉಳಿದದ್ದನ್ನು ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದರು. ಪಾಪ, ಅವರಿಗೇ ಬೇಸರವಾದಂತಿತ್ತು. ನಾನು ಸರಿ ಎಂದು ಎದ್ದು ಬಂದೆ. ದಾರಿಯಲ್ಲಿ ಬೇಕರಿಗೆ ಹೋಗಿ ಬ್ರೆಡ್ಡು ತಂದೆ. ಅಳು ಬರಬೇಕಿತ್ತು, ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೂ ನೋಡಿದೆ. ನೀನು ಹೊರಟ ದಿನವೂ ಹೀಗೇ ಆಗಿತ್ತು. ಬಾಗಿಲು ಹಾಕಿಕೊಂಡು ಬಂದು ಕುಂಚ ತೊಳೆದಿಟ್ಟೆ, ಅಷ್ಟೇ. ಕೈಗಿಂತ ಮೊದಲು ಎದೆಯೇ ಜೋಮು ಹಿಡಿದಿತ್ತು, ಕೈಗೆ ಸುದ್ದಿ ತಡವಾಗಿ ಮುಟ್ಟಿತು ಎಂದು ಕಾಣುತ್ತದೆ. ಇದನ್ನು ಬರೆಯುವಾಗಲೂ ನನಗೆ ಏನೂ ಆಗುತ್ತಿಲ್ಲ, ಬೇರೆ ಯಾರದೋ ಸಮಾಚಾರ ತಿಳಿಸುತ್ತಿರುವ ಹಾಗಿದೆ.

ಇಂಥ ಹೊತ್ತಿನಲ್ಲೇ ಗ್ರಂಥಾಲಯದ ಗೋಡೆಗೆ ಒಪ್ಪಿಕೊಂಡ ಮಣ್ಣಿನ ಚಿತ್ರ ಬಂದು ಕುತ್ತಿಗೆಗೆ ಕೂತಿದೆ. ನೀನಿದ್ದಾಗಲೇ ಮಾತು ಶುರುವಾಗಿತ್ತಲ್ಲ, ಹೊಸ ಕಟ್ಟಡದ ಒಳಬಾಗಿಲಿನ ಎದುರು, ಹನ್ನೆರಡಡಿ ಅಗಲ, ಏಳಡಿ ಎತ್ತರ. ನಮ್ಮ ಹೊಳೆಯ ತಿರುವು. ಚಿತ್ರದಲ್ಲಿ ಹೊಳೆ ಎಲ್ಲಿದೆ ಎಂದು ನೀನು ಕೇಳುತ್ತೀಯ ಎನ್ನುವುದು ಗೊತ್ತು, ಯಾವತ್ತೂ ಕೇಳಿದ್ದೀಯ. ಹೊಳೆ ಇಲ್ಲ. ಹೊಳೆ ಇಳಿದುಹೋದ ಮೇಲೆ ದಡದಲ್ಲಿ ಉಳಿಯುವ ಗೆರೆಗಳಿವೆ, ಪದರ ಪದರವಾಗಿ, ಕಂದು, ಬೂದಿ, ಇಟ್ಟಿಗೆಕೆಂಪು. ಹಿಂದೊಮ್ಮೆ ನೀನು ನನ್ನ ಚಿತ್ರವೊಂದನ್ನು ಧೂಳು ಒರೆಸಿ ತಲೆಕೆಳಗಾಗಿ ತೂಗುಹಾಕಿದ್ದೆ. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ, ನನಗೂ. ಆಮೇಲೆ ಅದೇ ಸರಿ ಎನ್ನಿಸಿ ಹಾಗೇ ಮಾರಿದೆವು. ಈ ಗೋಡೆಗೆ ಆ ಭಾಗ್ಯ ಇಲ್ಲ. ಗ್ಯಾಲರಿಯ ಕನ್ನಡಕದಮ್ಮ, ಅದೇ ಮೂಗಿನ ಮೇಲೊಂದು ನೆತ್ತಿಯ ಮೇಲೊಂದು ಕನ್ನಡಕ ಇಟ್ಟುಕೊಂಡು ಮೂರನೆಯದನ್ನು ಹುಡುಕುವವಳು, ಚಿತ್ರದ ಹಲಗೆ ಒಯ್ಯಲು ಇಪ್ಪತ್ತನೇ ತಾರೀಖು ಲಾರಿ ಕಳಿಸುತ್ತಾಳೆ. ನನ್ನ ಕೈಯ ವಿಷಯ ಅವಳಿಗೆ ಹೇಳಿಲ್ಲ. ಹೇಳಿದರೆ ಗೋಡೆ ಇನ್ನೊಬ್ಬರ ಪಾಲಾಗುತ್ತದೆ. ಅದು ಹೋದರೆ ಹೋಗಲಿ ಎನ್ನಿಸಬೇಕು, ಈಚೆಗೆ ಎಲ್ಲದಕ್ಕೂ ಹಾಗೇ ಎನ್ನಿಸುತ್ತದೆ. ಇದೊಂದಕ್ಕೆ ಮಾತ್ರ ಎನ್ನಿಸುತ್ತಿಲ್ಲ. ಆ ತಿರುವಿನಲ್ಲಿ ಆಡಿ ಬೆಳೆದವರಲ್ಲಿ ನಮ್ಮಿಬ್ಬರನ್ನು ಬಿಟ್ಟು ಇನ್ನು ಯಾರಿದ್ದಾರೆ ಹೇಳು. ಅಲ್ಲಿ ಈಗ ಅಣೆಕಟ್ಟಿನ ನೀರು ನಿಂತಿದೆ, ಬೇಕೆಂದರೂ ಒಂದು ಹಿಡಿ ಮಣ್ಣು ಸಿಗುವುದಿಲ್ಲ.

ಬೆರಳಿಲ್ಲದೆ ನಾನು ಹೇಗೆ ಕೆಲಸ ಮಾಡುತ್ತಿದ್ದೇನೆ ಎಂದು ಕೇಳು, ನಗು ಬರುತ್ತದೆ. ಹಲಗೆಗೆ ಗೋಣಿಬಟ್ಟೆ ಅಂಟಿಸುವುದು, ಮಣ್ಣಿಗೆ ಅಂಟು ಕಲಸುವುದು, ಕರಣೆಯಲ್ಲಿ ಬಳಿಯುವುದು, ಇವೆಲ್ಲ ಕಣ್ಣಿನಿಂದಲೇ ಆಗುತ್ತವೆ. ಒಂದು ಪದರದ ಮೇಲೆ ಇನ್ನೊಂದನ್ನು ಯಾವಾಗ ಹಾಕಬೇಕು ಎನ್ನುವುದು ಮಾತ್ರ ಕಣ್ಣಿಗೆ ಕಾಣುವುದಲ್ಲ. ಕೆಳಗಿನ ಮಣ್ಣು ಕಿವಿಯ ಹಾಲೆಯಷ್ಟು ತಣ್ಣಗೆ, ಅಷ್ಟೇ ಮೆತ್ತಗೆ ಇರಬೇಕು. ಹಸಿ ಹೆಚ್ಚಾದರೆ ಬೇಡದ ಕಡೆ ಬಿರಿಯುತ್ತದೆ, ಒಣಗಿದ್ದರೆ ಮೇಲಿನದು ಹಿಡಿಯುವುದಿಲ್ಲ. ನೀನು ಒಂದು ಕೈಯಲ್ಲಿ ನಿನ್ನ ಕಿವಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಲಗೆ ಮುಟ್ಟಿ, "ಇನ್ನೂ ಅರ್ಧ ಗಂಟೆ ಅಕ್ಕ" ಎನ್ನುತ್ತಿದ್ದೆ. ಶಿಕ್ಷೆಗೆ ನಿಂತ ಶಾಲೆ ಹುಡುಗಿಯ ಹಾಗೆ ಕಾಣುತ್ತಿದ್ದೆ. ಈಗ ನಾನು ಕೆನ್ನೆ ಇಟ್ಟು ನೋಡುತ್ತೇನೆ. ಮುಖಕ್ಕೆ ಇನ್ನೂ ಸ್ಪರ್ಶ ಇದೆ. ಹೋದ ವಾರ ಹಾಗೆ ಹಲಗೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡು ನಿಂತಿದ್ದಾಗ ಬಡಗಿ ಚೌಕಟ್ಟಿನ ಅಳತೆಗೆ ಬಂದ. ಬಾಗಿಲಲ್ಲೇ ನಿಂತು, "ಅಮ್ಮಾ, ಅದಕ್ಕೆ ಜ್ವರ ಬಂದಿದ್ಯಾ?" ಎಂದ. ಅರ್ಧ ಮುಖ ಕೆಸರು ಮೆತ್ತಿಕೊಂಡು ಅವನಿಗೆ ಟೀ ಮಾಡಿಕೊಟ್ಟೆ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದೆ, ಅವನೇ ಕೂಗಿ ಕಿತ್ತುಕೊಂಡ. ಅಂಗೈಯಲ್ಲಿ ಬೊಬ್ಬೆ ಬಂದಿದೆ. ನೋವಿಲ್ಲ.

ಆದರೆ ಕೆನ್ನೆ ಬೆರಳಲ್ಲ. ಮೊನ್ನೆ ಶನಿವಾರ ನಾಲ್ಕನೇ ಪದರದಲ್ಲಿ ಎಡಗಡೆಯ ಕೆಳಗಿನ ಮೂಲೆ ಪೂರ್ತಿ ಕಳಚಿ ಬಿತ್ತು. ನಾನು ಕಿಟಕಿಯ ಬಳಿ ಕೂತಿದ್ದೆ. ಸದ್ದಾಯಿತು, ತಿರುಗಿ ನೋಡಿದೆ, ನೆಲದ ಮೇಲೆ ಚೂರುಗಳಿದ್ದವು. ಎದ್ದು ಗುಡಿಸಿ ಒಂದು ಬುಟ್ಟಿಗೆ ತುಂಬಿದೆ. ಹಿಂದಿನ ನಾನಾಗಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ, ನಿನಗೆ ಗೊತ್ತಲ್ಲ. ಆ ಮೂಲೆ ಈಗ ಬರೀ ಗೋಣಿಬಟ್ಟೆ. ಎರಡು ಮೊಳ ಅಗಲ, ಒಂದು ಮೊಳ ಎತ್ತರ. ಮಿಕ್ಕದ್ದೆಲ್ಲ ಹೇಗೋ ನಿಂತಿದೆ.

ಹೊಳೆಯ ಕಲ್ಲು ಕೂರಬೇಕಿದ್ದ ಆ ಮೂಲೆಯ ವಿಷಯ ಬಂದರೆ ನೀನು ಹೊರಟ ದಿನದ ವಿಷಯವೂ ಬರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾವು ಮಣ್ಣಿನ ಡಬ್ಬಿಗಳಿಗೆ ಬಟ್ಟೆ ಮುಚ್ಚಿ ದಾರ ಕಟ್ಟುವ ಪದ್ಧತಿ ನೀನೇ ಮಾಡಿದ್ದು. ನಾನು ಅಂಟಿಸುವ ಚೀಟಿಗಳು ಧೂಳಿಗೆ ಉದುರುತ್ತವೆ ಎಂದು ನಿನ್ನ ಹೊಲಿಗೆಪೆಟ್ಟಿಗೆಯಿಂದ ದಾರ ತಂದೆ. ಬಿಳಿ ದಾರ ಇದ್ದರೆ ಜರಡಿ ಹಿಡಿಯಬೇಕು. ಕೆಂಪು ದಾರ ಇದ್ದರೆ ಹಾಗೇ ಇಡಬೇಕು, ಅದರ ಕಲ್ಲು, ಬೇರು, ಚಿಪ್ಪಿನ ಚೂರು ಎಲ್ಲ ಅದರಲ್ಲೇ ಇರಬೇಕು. ಇಪ್ಪತ್ತು ವರ್ಷ ಒಂದು ಡಬ್ಬಿಯೂ ತಪ್ಪಿರಲಿಲ್ಲ. ಹೊಳೆಯ ತಿರುವಿಗೆ ನೀರು ಬಿಡುವ ಮೊದಲು ನಾನು ಬಡಗಿಯ ವ್ಯಾನಿನಲ್ಲಿ ಹೋಗಿ ಕೊನೆಯ ಡಬ್ಬಿ ತುಂಬಿಸಿಕೊಂಡು ಬಂದೆ. ನೀನು ಮಂಡಿ ನೋವೆಂದು ಮಲಗಿದ್ದೆ, ಹಾಗಾಗಿ ನಾನೇ ಬಟ್ಟೆ ಮುಚ್ಚಿ, ಕೆಂಪು ದಾರ ಕಟ್ಟಿ ಇಟ್ಟೆ. ಎರಡು ದಿನ ಬಿಟ್ಟು ನೋಡಿದರೆ ನೀನು ಜರಡಿ ಹಿಡಿದಿದ್ದೆ, ಡಬ್ಬಿಯಲ್ಲಿ ಒಂದು ಕಲ್ಲೂ ಇಲ್ಲದೆ ಮುಖಕ್ಕೆ ಹಚ್ಚುವ ಪೌಡರಿನಂಥ ಮಣ್ಣು. ಆ ಕಲ್ಲುಗಳ ಮೇಲೆ ನಾವಿಬ್ಬರೂ ಸಣ್ಣವರಿದ್ದಾಗ ಅಂಗಾಲು ಸುಟ್ಟುಕೊಂಡು ಓಡುತ್ತಿದ್ದೆವು. ಅವೇ ಇಲ್ಲದಿದ್ದರೆ ಅದು ಯಾವ ಊರಿನ ಮಣ್ಣಾದರೂ ಆಗಬಹುದು. ಕಲ್ಲೆಲ್ಲ ಚರಂಡಿಗೆ ಸುರಿದಿದ್ದೀಯ ಎಂದೆ. ದಾರದ ಬಣ್ಣ ಕಾಣದಷ್ಟು ಕುರುಡೇ ಎಂದೆ. ಅಲ್ಲಿಗೂ ಬಿಡಲಿಲ್ಲ. ಬಾಗಿಲಲ್ಲಿ ನಿನ್ನಿಂದ ಅಂಗಿ ಹೊಲಿಸಿಕೊಳ್ಳಲು ಬಂದವರು ನಿಂತಿದ್ದಾರೆ ಎನ್ನುವುದನ್ನೂ ನೋಡದೆ, "ನಿನ್ನ ಕೈಗೆ ಕಣ್ಣಿಲ್ಲ, ನನ್ನ ಕೆಲಸ ಮುಟ್ಟಬೇಡ" ಎಂದೆ. ನೀನು, "ಸರಿ ಅಕ್ಕ" ಎಂದೆ. ಹೊಲಿಗೆಯಂತ್ರಕ್ಕೆ ಹೊದಿಕೆ ಹಾಕಿ, ದೊಡ್ಡ ಕತ್ತರಿ ಒಂದನ್ನು ಚೀಲಕ್ಕೆ ಹಾಕಿಕೊಂಡು ಮಗನ ಮನೆಗೆ ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ನನಗೆ ಗೊತ್ತಿಲ್ಲದ ಗಾದೆಯೇನಲ್ಲ. ತಪ್ಪು ನಿನ್ನದೇ ಆಗಿದ್ದರೂ ಅಷ್ಟು ದೊಡ್ಡ ಮಾತು ಆಡಬಾರದಿತ್ತು. ಆ ಮಟ್ಟಿಗೆ ನನ್ನದು ತಪ್ಪು, ಒಪ್ಪಿಕೊಂಡಿದ್ದೇನೆ.

ಈಗ ಹೊಸ ಸುದ್ದಿ. ದಿನಾ ಸೂಜಿಯಿಂದ ಬೆರಳು ಮುಟ್ಟಿ ನೋಡಿಕೊಳ್ಳಿ, ಎಲ್ಲಿಯವರೆಗೆ ಹರಡಿದೆ ಎಂದು ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ನಿನ್ನೆ ಸೂಜಿ ಹುಡುಕುತ್ತಾ ಹನ್ನೊಂದು ತಿಂಗಳಾದ ಮೇಲೆ ನಿನ್ನ ಹೊಲಿಗೆಯಂತ್ರದ ಖಾನೆ ಎಳೆದೆ. ಬಾಬಿನುಗಳ ಹಿಂದೆ ಒಂದು ಬಟ್ಟೆಯ ಚೀಲ ಇತ್ತು. ಎರಡು ಅಂಗೈಯಷ್ಟು ದೊಡ್ಡದು, ನಾಲ್ಕು ಮನೆ ಮಾಡಿ ಹೊಲಿದದ್ದು, ಬಾಯಿಗೂ ಹೊಲಿಗೆ. ಮೇಲೆ ಬಟ್ಟೆಗೆ ಗುರುತು ಹಾಕುವ ನಿನ್ನ ಸೀಮೆಸುಣ್ಣದಿಂದ "ಅಕ್ಕನ ಕಲ್ಲು" ಎಂದು ಬರೆದಿತ್ತು. ಎತ್ತಿದರೆ ಭಾರ ಗೊತ್ತಾಯಿತು, ಒಳಗೇನಿದೆ ಎನ್ನುವುದು ಕೈಗೆ ಗೊತ್ತಾಗಲಿಲ್ಲ. ಕೆನ್ನೆಗೆ ಒತ್ತಿಕೊಂಡೆ. ಒಂದು ಮನೆಯಲ್ಲಿ ದಪ್ಪ ಕಲ್ಲು, ಒಂದರಲ್ಲಿ ಸಣ್ಣವು, ಇನ್ನೊಂದರಲ್ಲಿ ಚಿಪ್ಪು, ಕೊನೆಯದರಲ್ಲಿ ಬೇರಿನ ಕಡ್ಡಿ. ಚರಂಡಿಗೆ ಒಂದು ಹರಳೂ ಹೋಗಿರಲಿಲ್ಲ. ಜರಡಿ ಹಿಡಿದ ದಿನವೇ ವಿಂಗಡಿಸಿ ಹೊಲಿದಿಟ್ಟಿದ್ದೀಯ, ನಾನು ಬಾಯಿ ಮಾಡುವ ಹೊತ್ತಿಗೆ ಅದು ನಿನ್ನ ಖಾನೆಯಲ್ಲೇ ಇತ್ತು. ನಾನು ಒಮ್ಮೆಯೂ ಕೇಳಲಿಲ್ಲ. ಆ ಕಲ್ಲು ಎಲ್ಲಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಚೀಲವನ್ನು ಕೆನ್ನೆಗೆ ಹಿಡಿದುಕೊಂಡು ಹೊಲಿಗೆಯಂತ್ರದ ಮುಂದೆ ತುಂಬಾ ಹೊತ್ತು ಕೂತಿದ್ದೆ. ಏನಾಯಿತು ಎಂದು ಸರಿಯಾಗಿ ಹೇಳಲು ಬರುವುದಿಲ್ಲ. ಏನೋ ಆಯಿತು, ಇಷ್ಟು ದಿನಕ್ಕೆ ಅಷ್ಟಾದರೂ ಆಯಿತು.

ಕೂಸಿಗೆ ದೊಡ್ಡಜ್ಜಿಯ ಮುತ್ತು ಕೊಡು. ಮಗ, ಸೊಸೆ ಇಬ್ಬರಿಗೂ ನನ್ನ ಆಶೀರ್ವಾದ, ನಿನ್ನನ್ನು ನೋಡಿಕೊಳ್ಳುತ್ತಿರುವುದಕ್ಕೆ ಸೊಸೆಗೆ ಒಂದು ಪಾಲು ಜಾಸ್ತಿ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ಹೊಲಿಗೆಯಂತ್ರಕ್ಕೆ ನಿನ್ನೆ ಎಣ್ಣೆ ಹಾಕಿದ್ದೇನೆ, ಅರ್ಧ ನೆಲಕ್ಕೆ ಬಿದ್ದಿದೆ, ಬೈಯಬೇಡ.

ನಿನ್ನ ಅಕ್ಕ,
ಕೆಸರಮ್ಮ

ಮರೆತ ಮಾತು: ಬಡಗಿ ಅಂಚೆ ಡಬ್ಬಿಗೆ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಚೀಲದ ಮೂಲೆಯಲ್ಲಿ ನೀನು ಒಂದು ತುಂಡು ದಾರ ಸೇರಿಸಿ ಹೊಲಿದಿದ್ದೀಯ, ಡಬ್ಬಿಯಿಂದ ಕತ್ತರಿಸಿ ತೆಗೆದದ್ದು, ಗಂಟು ಬಿಚ್ಚದೆ. ಮೂರು ಸುತ್ತಿನ ಗಂಟು. ಕತ್ತೆ ಎಳೆದರೂ ಬಿಚ್ಚುವುದಿಲ್ಲ ಎಂದು ನೀನು ನಗುವ ಗಂಟು, ಈ ಮನೆಯಲ್ಲಿ ನಾನೊಬ್ಬಳೇ ಹಾಕುವುದು. ದಾರ ಬಿಳಿ. ಬಿಳಿ ದಾರ ಕಟ್ಟಿದವಳು ನಾನು. ನಿನಗೆ ಆ ದಿನವೇ ಗೊತ್ತಿತ್ತು, ಬಾಗಿಲಲ್ಲಿ ಅಷ್ಟು ಜನರ ಮುಂದೆ ಅದನ್ನು ತೋರಿಸಲಿಲ್ಲ. ಚೀಲ ಬಿಚ್ಚಲು ಎರಡು ಸಲ ನೋಡಿದೆ, ಬಟ್ಟೆಯ ಮೇಲೆ ರಕ್ತ ಕಂಡಾಗ ಸೂಜಿ ಚುಚ್ಚಿದ್ದು ಗೊತ್ತಾಯಿತು. ಚಿತ್ರದ ಮೂಲೆ ಹಾಗೇ ಖಾಲಿ ಇದೆ. ಲಾರಿ ಬರುವ ಮೊದಲು ಒಣಗಬೇಕೆಂದರೆ ಹದಿನೆಂಟರೊಳಗೆ ಅಲ್ಲಿ ಮಣ್ಣು ಬಳಿದು ಕಲ್ಲು ಕೂರಿಸಬೇಕು, ಹದ ನೋಡಲು ಈ ಮನೆಯಲ್ಲಿ ಬೆರಳಿಲ್ಲ. ಉತ್ತರ ಬರೆಯಬೇಡ ಗುಬ್ಬಿ. ಕತ್ತರಿ ತಗೊಂಡು ಬಾ.